ನೋಡೋರು ನಲವತ್ತು, ಕೂಗೋರು ಸೊನ್ನೆ

ಆನ್‌ಲೈನ್ ಹರಾಜಿಗೆ ಒಂದು ಹಳೇ ನಾಣ್ಯ ಇಟ್ಟು ನೋಡಿ. ಪರದೆ ಮೇಲೆ ಎರಡು ಅಂಕಿ ಕಾಣುತ್ತವೆ. ಎಷ್ಟು ಜನ ಅದನ್ನು ವಾಚ್‌ಲಿಸ್ಟ್‌ಗೆ, ಅಂದರೆ ಕಣ್ಣಿಟ್ಟಿರುವ ವಸ್ತುಗಳ ಪಟ್ಟಿಗೆ, ಹಾಕಿಕೊಂಡಿದ್ದಾರೆ ಅನ್ನುವುದು ಒಂದು. ಎಷ್ಟು ಬಿಡ್, ಅಂದರೆ ಬೆಲೆಯ ಕೂಗು, ಬಂದಿವೆ ಅನ್ನುವುದು ಇನ್ನೊಂದು. ಮೊದಲನೆಯದು ದಿನಾ ಏರುತ್ತದೆ. ಎರಡನೆಯದು ಸೊನ್ನೆ ಬಿಟ್ಟು ಅಲ್ಲಾಡುವುದಿಲ್ಲ. ಹೊಸಬರು ಮೊದಲನೆಯದನ್ನು ನೋಡಿ ಹಿಗ್ಗುತ್ತಾರೆ. ಹಳಬರು ಎರಡನ್ನೂ ನೋಡದೆ ಮಲಗುತ್ತಾರೆ. ನಾನು ಇಬ್ಬರ ನಡುವಿನವನು. ಹಿಗ್ಗೂ ಉಂಟು, ನಿದ್ದೆಯೂ ಇಲ್ಲ.

ನಾನು ಇಟ್ಟಿದ್ದು ಮರಿಯಾ ತೆರೇಸಾ ಥಾಲರ್. ಆಸ್ಟ್ರಿಯಾದ ರಾಣಿಯ ತುಂಬುಮುಖ ಇರುವ ದೊಡ್ಡ ಬೆಳ್ಳಿ ನಾಣ್ಯ. ತೂಕ 28 ಗ್ರಾಂ, ಅಗಲ ಸುಮಾರು 40 ಮಿಲಿಮೀಟರ್. ಅದರ ಮೇಲಿನ ಇಸವಿ 1780. ರಾಣಿ ತೀರಿಕೊಂಡದ್ದೂ ಅದೇ ವರ್ಷ.

"ಅಯ್ಯೋ, ಅಷ್ಟು ಹಳೇದಾ?" ಅಂದಳು ಹೆಂಡತಿ.

"ಇರಬಹುದು. ಮೊನ್ನೆ ಮೊನ್ನೆಯದೂ ಇರಬಹುದು."

"ಅದೇನ್ರೀ ಹಾಗಂದ್ರೆ? ಇಸವಿ ಬರೆದಿದೆಯಲ್ಲ!"

ಬರೆದಿದೆ, ಅದೇ ತೊಂದರೆ. ಕೆಂಪು ಸಮುದ್ರದ ಆಚೀಚೆ, ಅರೇಬಿಯಾ, ಇಥಿಯೋಪಿಯಾ ಕಡೆಯ ವ್ಯಾಪಾರಿಗಳಿಗೆ ಈ ನಾಣ್ಯ ಎಷ್ಟು ಹಿಡಿಸಿತ್ತೆಂದರೆ ಬೇರೆ ಮುಖ, ಬೇರೆ ಇಸವಿ ಇದ್ದರೆ ಅವರಿಗೆ ನಂಬಿಕೆ ಬರುತ್ತಿರಲಿಲ್ಲ. ಹಾಗಾಗಿ ರಾಣಿ ಹೋದ ಮೇಲೂ ಅದೇ ಮುಖ, ಅದೇ 1780 ಇಟ್ಟುಕೊಂಡು ಟಂಕಿಸುತ್ತಲೇ ಬಂದರು. ವಿಯೆನ್ನಾದಲ್ಲಿ ಮಾತ್ರ ಅಲ್ಲ, ರೋಮ್, ಲಂಡನ್, ಪ್ಯಾರಿಸ್, ಕೊನೆಗೆ ಬಾಂಬೆ ಟಂಕಸಾಲೆಯಲ್ಲೂ. ಯಾವುದು ಎಲ್ಲಿಯದು, ಯಾವ ಕಾಲದ್ದು ಅಂತ ಹೇಳಬೇಕಾದರೆ ರಾಣಿಯ ಪದಕದ ಮುತ್ತು, ಹಿಂಬದಿಯ ಹದ್ದಿನ ಬಾಲದ ಗರಿ, ಅಂಚಿನ ಮೇಲಿನ ಬರಹ ಎಲ್ಲ ಭೂತಗನ್ನಡಿ ಹಿಡಿದು ನೋಡಬೇಕು. ಸಾಮಾನ್ಯ ಮರುಟಂಕಕ್ಕೆ ಸಿಗುವುದು ಹೆಚ್ಚುಕಮ್ಮಿ ಬೆಳ್ಳಿಯ ಬೆಲೆ. ಅಪರೂಪದ್ದಾದರೆ ಲೆಕ್ಕವೇ ಬೇರೆ.

ನನ್ನ ನಾಣ್ಯವನ್ನು ಜನ ನೋಡಿದರು, ನೋಡಿದರು, ನೋಡುತ್ತಲೇ ಇದ್ದರು. ಅಂಕಿ ನಲವತ್ತಕ್ಕೆ ಬಂತು. ಬಿಡ್ ಇಲ್ಲ. ಪ್ರಶ್ನೆಗಳಿಗೆ ಮಾತ್ರ ಬರ ಇರಲಿಲ್ಲ. ಒಬ್ಬರಿಗೆ ಅಂಚಿನ ಫೋಟೋ ಬೇಕು. ತೆಗೆದು ಕಳಿಸಿದೆ. ಅದೇ ಅಂಚಿನ ಇನ್ನೊಂದು ಬದಿ ಬೇಕು. ಕಳಿಸಿದೆ. ತಕ್ಕಡಿ ಮೇಲೆ ಇಟ್ಟ ಫೋಟೋ ಬೇಕು. ಕಳಿಸಿದೆ. ತಕ್ಕಡಿ ಸರಿಯಾಗಿದೆಯಾ ಅಂತ ಕೇಳಿದರು. ಅದಕ್ಕೆ ಯಾವ ಫೋಟೋ ಕಳಿಸುವುದು ಹೇಳಿ?

"ಮಂಕಾಗಿದೆ, ಅದಕ್ಕೇ ಯಾರೂ ಕೇಳ್ತಿಲ್ಲ. ಪಾತ್ರೆ ತೊಳೆಯೋ ಪುಡಿ ಹಾಕಿ ತಿಕ್ಕಿಕೊಡ್ಲಾ?" ಅಂದಳು ಹೆಂಡತಿ. ನಾನು ನಾಣ್ಯವನ್ನು ಎದೆಗೆ ಅವಚಿಕೊಂಡೆ. ನಾಣ್ಯ ಸಂಗ್ರಹಿಸುವವರಿಗೆ ತಿಕ್ಕಿದ ನಾಣ್ಯ ಕಂಡರೆ ಆಗುವುದಿಲ್ಲ. ಕೂದಲೆಳೆಯಂಥ ಗೀರು ಬಿದ್ದರೆ ಮುಗೀತು, ಬೆಲೆ ಪಾತಾಳಕ್ಕೆ. ವರ್ಷಗಟ್ಟಲೆ ಕೂತ ಮಂಕು ಬಣ್ಣಕ್ಕೇ ಅಲ್ಲಿ ಮರ್ಯಾದೆ ಜಾಸ್ತಿ.

ಫೋಟೋದಲ್ಲಿ ಈ ಗೀರು ಕಾಣುವುದಿಲ್ಲ ಅನ್ನುವುದೇ ನೋಡುಗರ ಭಯ. ವಿಲಿಯಂ ಶೆಲ್ಡನ್ ಅನ್ನುವವರು 1949ರಲ್ಲಿ ನಾಣ್ಯಕ್ಕೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿ ಹಾಕಿಕೊಟ್ಟರು. ಅಮೆರಿಕದಲ್ಲಿ 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಅನ್ನುವ ಕಂಪನಿಗಳು ಶುರುವಾದವು. ಇವರು ನಾಣ್ಯ ಪರೀಕ್ಷಿಸಿ, ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕೊಡುತ್ತಾರೆ. 63ಕ್ಕೂ 65ಕ್ಕೂ ಎರಡೇ ಅಂಕದ ವ್ಯತ್ಯಾಸ. ಕೆಲವು ನಾಣ್ಯಗಳಲ್ಲಿ ಆ ಎರಡು ಅಂಕಕ್ಕೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಡಬ್ಬಿಯಿಲ್ಲದ ನನ್ನ ನಾಣ್ಯಕ್ಕೆ ಆ ಅಂಕವನ್ನು ಮೊಬೈಲ್ ಪರದೆ ನೋಡಿ ತಾವೇ ಊಹಿಸಬೇಕು. ಅದರಲ್ಲೂ ರಾಣಿಯ ಕೆನ್ನೆ ಮೇಲೆ ನನ್ನ ಫೋನಿನ ನೆರಳು.

ಕೊನೆಗೆ ನಾಣ್ಯದ ಹುಚ್ಚು ಹಿಡಿದ ಗೆಳೆಯನಿಗೆ ಫೋನ್ ಮಾಡಿದೆ.

"ನಾನೂ ವಾಚ್ ಮಾಡ್ತಿದೀನಿ ಮಾರಾಯ," ಅಂದ.

"ಹೌದಾ! ಬಿಡ್ ಹಾಕ್ತೀಯಾ?"

"ಛೇ, ನನ್ನ ಹತ್ರ ಅಂಥವೇ ಮೂರಿವೆ. ನಿಂದು ಎಷ್ಟಕ್ಕೆ ಹೋಗುತ್ತೋ ನೋಡ್ಕೊಂಡು ನಂದು ಮಾರೋಣ ಅಂತ."

ನಲವತ್ತರಲ್ಲಿ ಒಂದು ಕಳೆಯಿತು. ಇಂಥವರು ಇನ್ನೆಷ್ಟು ಮಂದಿಯೋ! ಮಾರಾಟಗಾರರು ಪೈಪೋಟಿಯವರ ಬೆಲೆ ತಿಳಿಯುವುದಕ್ಕೆ ನೋಡುತ್ತಾರೆ. ಕೆಲವರು ತಮ್ಮ ಡಬ್ಬದಲ್ಲಿರುವುದರ ಬೆಲೆ ತಿಳಿಯುವುದಕ್ಕೆ. ಇನ್ನು ಕೆಲವರು ಮಾರಾಟವಾಗದೆ ಉಳಿದರೆ ಇವನೇ ಬೆಲೆ ಇಳಿಸಿ ಆಫರ್ ಕಳಿಸುತ್ತಾನೆ ಅಂತ ಕಾಯುವವರು. ಅವರ ಲೆಕ್ಕ ತಪ್ಪಲ್ಲ. ವಾಚ್ ಮಾಡಿದವರಿಗೆ ರಿಯಾಯಿತಿ ಕಳಿಸುವ ಸೌಲಭ್ಯ ಕೆಲವು ತಾಣಗಳಲ್ಲಿ ಇದ್ದೇ ಇದೆ. ನೋಡುವುದಕ್ಕೇ ಬಹುಮಾನ ಇರುವಾಗ ಬಿಡ್ ಯಾಕೆ ಹಾಕಬೇಕು?

"ಹಾಗಾದ್ರೆ ನಿಮ್ಮ ಫ್ರೆಂಡ್ ಕೈಲೇ ಒಂದು ಬಿಡ್ ಹಾಕಿಸಿ. ಅವರನ್ನ ನೋಡಿ ಬೇರೆಯವರು ಹಾಕ್ತಾರೆ," ಅಂದಳು ಹೆಂಡತಿ. ಮಾರುವವನು ತನ್ನ ಕಡೆಯವರಿಂದ ಬೆಲೆ ಏರಿಸುವುದು ಶಿಲ್ ಬಿಡ್ಡಿಂಗ್, ನಿಯಮಕ್ಕೆ ವಿರುದ್ಧ ಅಂದೆ. "ಕೇಳಿದ್ದೇ ತಪ್ಪಾಯ್ತು," ಅಂದಳು.

ಆದರೆ ಅವಳು ಹೇಳಿದ್ದರಲ್ಲಿ ಒಂದು ಮಾತು ದಿಟ. ಒಬ್ಬರನ್ನು ನೋಡಿ ಇನ್ನೊಬ್ಬರು ಹಾಕುತ್ತಾರೆ. ಬಲ್ಲವರು ಸುಮ್ಮನಿರುವುದಕ್ಕೆ ಅದೇ ಕಾರಣ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಆಗ ಈಬೇ ಅನ್ನುವ ಆನ್‌ಲೈನ್ ತಾಣದ ಹರಾಜು ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು. ಅಮೆಜಾನ್ ಹರಾಜಿನಲ್ಲಿ ಕೊನೆಗಳಿಗೆಗೆ ಬಿಡ್ ಬಂದರೆ ಸಮಯ ಮುಂದಕ್ಕೆ ಹೋಗುತ್ತಿತ್ತು. ಕೊನೆಯ ಕ್ಷಣದ ಬಿಡ್ ಈಬೇನಲ್ಲೇ ಜಾಸ್ತಿ. ಅದರಲ್ಲೂ ಕಂಪ್ಯೂಟರ್‌ಗಿಂತ ಹಳೇ ವಸ್ತುಗಳಿಗೆ ಜಾಸ್ತಿ. ಯಾಕೆಂದರೆ ಕಂಪ್ಯೂಟರ್ ಏನು ಅಂತ ಎಲ್ಲರಿಗೂ ಗೊತ್ತು. ಹಳೇ ನಾಣ್ಯ ಅಸಲಿಯೋ ನಕಲಿಯೋ ಗೊತ್ತಿರುವುದು ಕೆಲವರಿಗೆ. ಅವರು ಮೊದಲೇ ಬಿಡ್ ಹಾಕಿದರೆ "ಇದು ಒಳ್ಳೇ ಮಾಲು" ಅಂತ ಪುಕ್ಕಟೆ ಡಂಗುರ ಸಾರಿದ ಹಾಗೆ. ಹಾಗಾಗಿ ಬಲ್ಲವರು ಕೊನೆಯ ಸೆಕೆಂಡಿಗೆ ಕಾಯುತ್ತಾರೆ. ಬಲ್ಲವರಲ್ಲದವರು ಬಲ್ಲವರಿಗೆ ಕಾಯುತ್ತಾರೆ. ಮಾರುವವನು ಇಬ್ಬರಿಗೂ ಕಾಯುತ್ತಾನೆ.

ಇಷ್ಟಕ್ಕೂ ಈ ಕಾಯುವ ಕಷ್ಟ ಯಾರಿಗೂ ಇರಬಾರದು. ನೀವು ಕೊಡಬಹುದಾದ ಗರಿಷ್ಠ ಮೊತ್ತ ಒಮ್ಮೆ ಹೇಳಿಬಿಟ್ಟರೆ ಸಾಕು, ಎದುರಾಳಿಗಿಂತ ಒಂದು ಹೆಜ್ಜೆ ಮೇಲೆ ಮಾತ್ರ ತಾಣವೇ ನಿಮ್ಮ ಪರವಾಗಿ ಕೂಗುತ್ತದೆ. ಗೆದ್ದವರು ಎರಡನೆಯವರ ಬೆಲೆ ಕೊಡುವ ಹರಾಜಿನಲ್ಲಿ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನೇ ಹೇಳುವುದು ಜಾಣತನ ಅಂತ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿಕೊಟ್ಟರು. ಅವರಿಗೆ ನೊಬೆಲ್ ಬಂತು. ಜನಕ್ಕೆ ಬುದ್ಧಿ ಬರಲಿಲ್ಲ. ಮನಸ್ಸಿನಲ್ಲಿರುವ ಬೆಲೆ ಏನು ಅಂತ ಗೊತ್ತಿದ್ದರೆ ತಾನೇ ಹೇಳುವುದು? ರಾತ್ರಿ ಹತ್ತಕ್ಕೆ ಒಂದು ಇರುತ್ತದೆ, ಪಕ್ಕದವನು ಕೂಗಿದ ಕೂಡಲೇ ಇನ್ನೊಂದಾಗುತ್ತದೆ. ಗೆದ್ದ ಮೇಲೆ "ಉಳಿದವರೆಲ್ಲ ಯಾಕೆ ಬಿಟ್ಟರು?" ಅನ್ನುವ ಅನುಮಾನ ಬೇರೆ. ಅದರ ಮೇಲೆ ಅಂಚೆ ಖರ್ಚು, ಕೆಲವು ಕಡೆ ಕೊಳ್ಳುವವರ ಕಮಿಷನ್. ಇವನ್ನೆಲ್ಲ ಕೂಡಿಸುವಷ್ಟರಲ್ಲಿ ಹರಾಜೇ ಮುಗಿದಿರುತ್ತದೆ.

ಇನ್ನೊಂದು ಬಗೆಯವರಿದ್ದಾರೆ, ನನಗೆ ಇವರ ಮೇಲೆ ಪ್ರೀತಿ. ಇವರಿಗೆ ವಾಚ್‌ಲಿಸ್ಟೇ ಸಂಗ್ರಹ. ಖರ್ಚಿಲ್ಲ, ಕಳ್ಳರ ಭಯವಿಲ್ಲ, ಬೀರುವಿನಲ್ಲಿ ಜಾಗ ಬೇಡ. ಬೇಕಾದಾಗ ತೆಗೆದು ನೋಡಬಹುದು. ಹರಾಜು ಮುಗಿದು ನಾಣ್ಯ ಮಾಯವಾದರೆ ಸ್ವಲ್ಪ ಬೇಜಾರು, ಅಷ್ಟೇ. ನಾಳೆ ಇನ್ನೊಂದು ರಾಣಿ ಬರುತ್ತಾಳೆ.

ಹರಾಜಿನ ಕೊನೇ ರಾತ್ರಿ ಹೆಂಡತಿಯೂ ಬಂದು ಪಕ್ಕದಲ್ಲಿ ಕೂತಳು. ಒಂದು ನಿಮಿಷ ಉಳಿದಿತ್ತು. ಸೊನ್ನೆ. ಇಪ್ಪತ್ತು ಸೆಕೆಂಡ್. ಸೊನ್ನೆ. ಮೂರು ಸೆಕೆಂಡ್ ಇದೆ ಅನ್ನುವಾಗ ಒಂದು ಬಿಡ್ ಬಿತ್ತು. ಒಂದೇ ಒಂದು, ಅದೂ ಆರಂಭದ ಬೆಲೆಗೆ. ಮಿಕ್ಕ ಬಲ್ಲವರು ಎರಡನೇ ಸೆಕೆಂಡಿಗೆ ಕಾಯುತ್ತಿದ್ದರೋ ಏನೋ.

ನಾಣ್ಯ ಪ್ಯಾಕ್ ಮಾಡುತ್ತಿದ್ದಾಗ ತಕ್ಕಡಿಯ ಮಹಾನುಭಾವರಿಂದ ಸಂದೇಶ ಬಂತು. ಇಷ್ಟು ಕಮ್ಮಿಗೆ ಹೋಗುತ್ತದೆ ಅಂತ ಅಂದುಕೊಂಡಿರಲಿಲ್ಲವಂತೆ, ತುಂಬಾ ಬೇಜಾರಾಯಿತಂತೆ. "ಇಂಥದೇ ಇನ್ನೊಂದು ಇದ್ದರೆ ದಯವಿಟ್ಟು ಹಾಕಿ ಸಾರ್. ಈ ಸಲ ಖಂಡಿತ ವಾಚ್ ಮಾಡ್ತೀನಿ."