ಬಟವಾಡೆ ಪಟ್ಟಿಯ ಹನ್ನೊಂದು ಪ್ರತಿಗಳು

ನಮ್ಮ ಮನೆಗೆ ಪ್ರಿಂಟರ್ ಬಂದದ್ದು 2007ರಲ್ಲಿ. ಇಬ್ಬರು ಹಿಡಿದರಷ್ಟೇ ಮೇಲೇಳುವ ಆ ಲೇಸರ್ ಯಂತ್ರಕ್ಕೆ ಕೆಡುವ ಅಭ್ಯಾಸವಿಲ್ಲ. ಆದರೆ ಈ ಮೇ ತಿಂಗಳಲ್ಲಿ ಸಿಡಿಲು ಬಡಿದು ಹಳೆಯ ಕಂಪ್ಯೂಟರ್ ಕಣ್ಣುಮುಚ್ಚಿತು. ಬೆಂಗಳೂರಿನಲ್ಲಿರುವ ಮಗ ವಿಂಡೋಸ್ 11ರ ಲ್ಯಾಪ್‌ಟಾಪ್ ಕಳುಹಿಸಿದ. ಅಕ್ಕಿರೊಟ್ಟಿಯಷ್ಟು ತೆಳುವು. ಪ್ರಿಂಟರಿನ ಜೊತೆ ಬಂದಿದ್ದ ಸಿ.ಡಿ.ಯನ್ನು ಇಷ್ಟು ವರ್ಷ ಜಾತಕದಂತೆ ಜೋಪಾನ ಮಾಡಿದ್ದೆ. ತುರುಕೋಣವೆಂದರೆ ಲ್ಯಾಪ್‌ಟಾಪಿಗೆ ಅದರ ಬಾಯೇ ಇಲ್ಲ.

ಶನಿವಾರ ಬಟವಾಡೆ. ಪಟ್ಟಿ ಅಚ್ಚು ಮಾಡಿ ಕೊಟ್ಟರೆ ತೋಟದ ಲೆಕ್ಕ ಬರೆಯುವ ರೈಟರ್ ಆಳುಗಳ ಸಹಿ ಹಾಕಿಸಿಕೊಳ್ಳುತ್ತಾರೆ. ಗುರುವಾರವೇ ಕುಳಿತೆ. ಡ್ರೈವರ್, ಅಂದರೆ ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೆ ತಲುಪಿಸುವ ತಂತ್ರಾಂಶ, ಇಳಿಸಿಕೊಳ್ಳಬೇಕು; ಆದರೆ ಸಿಲ್ವರ್ ಮರದ ಕೊಂಬೆ ಬಿದ್ದು ಕೇಬಲ್ ತುಂಡಾಗಿ ಇಂಟರ್ನೆಟ್ ಹೋಗಿ ಮೂರು ದಿನ. ಮೊಬೈಲ್ ಸಿಗ್ನಲ್ ಸಿಗುವುದು ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತರೆ ಮಾತ್ರ. ಕುಳಿತೆ. ಕೊಡಗಿನ ಕಕ್ಕಡ ತಿಂಗಳ ಮಳೆ. ಕೈಯಲ್ಲಿ ಕೊಡೆ, ತೊಡೆಯ ಮೇಲೆ ಲ್ಯಾಪ್‌ಟಾಪ್, ಮೀನಖಂಡದಲ್ಲಿ ಎರಡು ಜಿಗಣೆ. ಡ್ರೈವರ್ ಮುಕ್ಕಾಲು ಇಳಿಯುವ ಹೊತ್ತಿಗೆ ಜಿಗಣೆಗಳು ಹೊಟ್ಟೆ ತುಂಬಿಸಿಕೊಂಡು ತಾವೇ ಉದುರಿದವು. ಅಷ್ಟು ಹೊತ್ತಿಗೆ ಪೂರ್ತಿಯಾದ ಕೆಲಸ ಅವುಗಳದ್ದೊಂದೇ.

ಉಳಿದ ಕಾಲು ಭಾಗವೂ ಇಳಿದ ಮೇಲೆ ಮನೆಗೆ ಬಂದು, ಪ್ರಿಂಟರಿನ ನೆತ್ತಿಗೆ ನಾನೇ ಅಂಟಿಸಿದ್ದ ಚೀಟಿಯನ್ನು ನೋಡಿಕೊಂಡು 192.168.1.50 ಎಂಬ ಅದರ ನೆಟ್‌ವರ್ಕ್ ವಿಳಾಸವನ್ನು ಲ್ಯಾಪ್‌ಟಾಪಿಗೆ ಕೊಟ್ಟೆ. ಪಟ್ಟಿ ಕಳುಹಿಸಿದೆ. ‘ಆಫ್‌ಲೈನ್’ ಎಂದಿತು. ಹಸಿರು ದೀಪ ಉರಿಸಿಕೊಂಡು ಮೊಳದ ದೂರದಲ್ಲಿ ಕುಳಿತ ಯಂತ್ರದ ಬಗ್ಗೆ, ಅಂಥವರು ಯಾರೂ ಈ ಊರಿನಲ್ಲಿಲ್ಲ ಎನ್ನುವ ಮಾತು. ಮತ್ತೆ ಒತ್ತಿದೆ. ಬಾಗಿಲು ತೆರೆಯದಿದ್ದರೆ ಮತ್ತೆ ಮತ್ತೆ ತಟ್ಟುವುದು ನಮ್ಮ ವಂಶದ ಗುಣ. ಒಟ್ಟು ಹನ್ನೊಂದು ಸಲ ತಟ್ಟಿದ್ದೇನೆ.

“ರೀ, ಕಾಗದ ಥಂಡಿ ಹಿಡಿದಿರಬೇಕು” ಎಂದಳು ಹೆಂಡತಿ. ಥಂಡಿಯಾಗಲು ಸಾಧ್ಯವೇ ಇರಲಿಲ್ಲ. ಮಳೆಗಾಲದಲ್ಲಿ ನಮ್ಮ ಕಾಗದದ ಕಟ್ಟು ಇರುವುದು ಬಲ್ಬು ಉರಿಸಿಟ್ಟ ಬಟ್ಟೆಯ ಕಪಾಟಿನಲ್ಲಿ, ಅವಳ ರೇಷ್ಮೆ ಸೀರೆಗಳ ಮಗ್ಗುಲಲ್ಲೇ. ಅಮ್ಮನ ಚಿಕಿತ್ಸೆ ಬೇರೆ: “ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುತ್ತೇನಲ್ಲ, ಅದಕ್ಕೂ ಒಂದು ಸೌಟು ಹಾಕು. ಬಣ್ಣವಾದರೂ ಬಂದೀತು.” ಮದ್ದುಸೊಪ್ಪು ತಿಂದವರಿಗೆ ಮರುದಿನ ಬೆಳಿಗ್ಗೆ ಮೂತ್ರಕ್ಕೆ ಬರುವ ಬಣ್ಣ ನೆನಪಾಗಿ ಸುಮ್ಮನಾದೆ.

ಶುಕ್ರವಾರ ಮತ್ತೆ ಕಲ್ಲು, ಕೊಡೆ, ಜಿಗಣೆ. ಮಗ ಫೋನಿನಲ್ಲಿ ಎಲ್ಲವನ್ನೂ ಕೇಳಿ, “ಅಪ್ಪಾ, ಸಿಡಿಲಿಗೆ ರೂಟರ್ ಕೂಡ ಹೋಗಿತ್ತಲ್ಲವೇ?” ಎಂದ. ಹೋಗಿತ್ತು. ಹೊಸ ರೂಟರ್ ಮನೆಯ ಎಲ್ಲರಿಗೂ 192.168.0 ಎಂದು ಶುರುವಾಗುವ ವಿಳಾಸ ಹಂಚಿದೆ. ಪ್ರಿಂಟರಿಗೆ ಮಾತ್ರ ವಿಳಾಸವನ್ನು ಹಿಂದೆ ನಾನೇ ಕೈಯಾರೆ ಬರೆದು ಕೂರಿಸಿದ್ದೆ. ಚುಕ್ಕಿಗಳ ನಡುವಿನ ಮೂರನೆಯ ಸಂಖ್ಯೆ ಬೇರೆಯಾದರೆ ಬೀದಿಯೇ ಬೇರೆ. ಹೀಗೆ ಮನೆಮಂದಿಯೆಲ್ಲ ಹೊಸ ಬೀದಿಗೆ ಬಂದಾಗಿತ್ತು. ಪ್ರಿಂಟರೊಂದೇ ಹಳೆಯ ಬೀದಿಯ ಜಗಲಿಯಲ್ಲಿ ದೀಪ ಹಚ್ಚಿಕೊಂಡು ಕಾಯುತ್ತಿತ್ತು.

ಶನಿವಾರ ಬೆಳಿಗ್ಗೆ ಪ್ರಿಂಟರಿನ ಗುಂಡಿಗಳನ್ನು ಒತ್ತಿ ಒತ್ತಿ ಒಂದನ್ನು ಸೊನ್ನೆ ಮಾಡಿದೆ. ಲ್ಯಾಪ್‌ಟಾಪಿನಲ್ಲೂ ತಿದ್ದಿದೆ. ತಕ್ಷಣ ಯಂತ್ರ ಗುರ್ ಎಂದಿತು. ನಾನು ಹೆಂಡತಿಯನ್ನು ಕೂಗಿ ಕರೆದೆ. ಕರೆಯಬಾರದಿತ್ತು.

ಹೊರಬಂದ ಹಾಳೆಯಲ್ಲಿ ಬಟವಾಡೆಯೂ ಇಲ್ಲ, ಆಳುಗಳ ಹೆಸರೂ ಇಲ್ಲ. ಬರೀ ಆವರಣಚಿಹ್ನೆ, ಅಡ್ಡಗೆರೆ, ಇಂಗ್ಲಿಷ್ ಅಕ್ಷರಗಳ ಸಂತೆ. ಹಿಂದೆಯೇ ಇನ್ನೊಂದು, ಮತ್ತೊಂದು. ಗೇಟಿನಲ್ಲಿ ನೆನೆಯುತ್ತಾ ನಾನು ಇಳಿಸಿದ್ದ ಡ್ರೈವರ್ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪ್ರಿಂಟರ್ ಭಾಷೆಯದು. ಈ ಯಂತ್ರಕ್ಕೆ ಬರುವುದು ಪಿಸಿಎಲ್ ಎಂಬ ಇನ್ನೊಂದು ಭಾಷೆ ಮಾತ್ರ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲವೂ ಒಂದೇ ಸಂತೆಯಲ್ಲಿ ವ್ಯಾಪಾರ ಮುಗಿಸಿಕೊಳ್ಳುವ ಜಿಲ್ಲೆಯಲ್ಲಿ, ಇವೆರಡಕ್ಕೆ ಮಾತ್ರ ದುಭಾಷಿ ಬೇಕಾಯಿತು. ಅರ್ಥವಾಗದ್ದನ್ನೆಲ್ಲ ಅದು ನಿಷ್ಠೆಯಿಂದ ಅಚ್ಚು ಮಾಡುತ್ತಲೇ ಹೋಯಿತು. ಗುರುವಾರದಿಂದ ಸಾಲುಗಟ್ಟಿ ನಿಂತಿದ್ದ ಹನ್ನೊಂದೂ ಪ್ರತಿಗಳ ಸರದಿ. ಪ್ಲಗ್ ಕೀಳುವಷ್ಟರಲ್ಲಿ ಬೆಚ್ಚಗಿದ್ದ ಕಟ್ಟು ಅರ್ಧ ಖಾಲಿ.

ರೈಟರ್ ಬಾಗಿಲಲ್ಲಿ ನಿಂತಿದ್ದರು. ಬಗಲಲ್ಲಿ ಪುಸ್ತಕ. ಗುರುವಾರ ರಾತ್ರಿಯೇ ಸ್ಕೇಲ್ ಹಿಡಿದು ಗೆರೆ ಎಳೆದು, ಪಟ್ಟಿಯನ್ನು ಪೂರ್ತಿ ಕೈಯಲ್ಲಿ ಬರೆದು ಮುಗಿಸಿದ್ದರಂತೆ. “ನೀವು ಕೊಡೆ ಹಿಡಿದು ಗೇಟಿನಲ್ಲಿ ಕುಳಿತದ್ದನ್ನು ನೋಡಿದೆ ಸಾರ್” ಎಂದರು, ಬೇರೇನೂ ವಿವರಿಸದೆ.

ಅಮ್ಮ ಹಾಳೆಗಳನ್ನೆಲ್ಲ ಸೆರಗಿಗೆ ತುಂಬಿಕೊಂಡು ಬಚ್ಚಲಿಗೆ ನಡೆದರು. ಒದ್ದೆ ಸೌದೆಯ ಜೊತೆ ಗುದ್ದಾಡಿ ವಾರವಾಗಿತ್ತು. ಹಂಡೆಯ ಒಲೆ ಒಂದೇ ಕಡ್ಡಿಗೆ ಹತ್ತಿಕೊಂಡಿತು.

“ನಾಳೆಗೂ ಇಷ್ಟು ಬರುತ್ತದೆಯೇನೋ?” ಎಂದು ಒಳಗಿನಿಂದ ಕೇಳಿದರು.