ಕಾಶಿಯ ರಾಜ ಇಂಗ್ಲೆಂಡಿನ ಹಳ್ಳಿಗೆ ಕೊಟ್ಟ ಬಾವಿ

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಸ್ಟೋಕ್ ರೋ ಅಂತ ಒಂದು ಸಣ್ಣ ಹಳ್ಳಿ. ಚಿಲ್ಟರ್ನ್ ಗುಡ್ಡಗಳ ಮೇಲೆ, ಬೀಚ್ ಎಂಬ ಜಾತಿಯ ಮರಗಳ ಕಾಡಿನ ನಡುವೆ ಇದೆ. 1846ರಲ್ಲಿ ಕಟ್ಟಿದ ಪುಟ್ಟ ಚರ್ಚು, ಒಂದೆರಡು ಪಬ್ಬು, ಇಟ್ಟಿಗೆಯ ಮನೆಗಳು. ಆ ಸೀಮೆಯ ಎಷ್ಟೋ ಹಳ್ಳಿಗಳ ಹಾಗೇ. ಆದರೆ ರಸ್ತೆ ಪಕ್ಕದಲ್ಲಿ ಒಂದು ಗುಮ್ಮಟ ಎದ್ದು ಕಾಣುತ್ತದೆ. ಎರಕದ ಕಬ್ಬಿಣದ ಕಂಬಗಳು, ಅವುಗಳ ಮೇಲೆ ಗುಮ್ಮಟ, ಕೆಳಗೆ ನೀರು ಸೇದುವ ಹಲ್ಲುಗಾಲಿಗಳ ಯಂತ್ರ. ಆ ಯಂತ್ರದ ನೆತ್ತಿಯ ಮೇಲೆ ಚಿನ್ನದ ಬಣ್ಣದ ಒಂದು ಆನೆ!

ಇದು ಮಹಾರಾಜರ ಬಾವಿ. ಕೊಡಿಸಿದವರು ಕಾಶಿಯ ರಾಜ ಈಶ್ವರೀ ಪ್ರಸಾದ್ ನಾರಾಯಣ ಸಿಂಗ್. ಈ ಆನೆಯ ಫೋಟೋ ಹಾಕಿ, "ನಮ್ಮವರು ಇಂಗ್ಲಿಷರಿಗೇ ನೀರು ಕೊಟ್ಟರು" ಅಂತ ಹೆಮ್ಮೆಪಟ್ಟು ಮುಗಿಸಿಬಿಡಬಹುದು. ನನಗೆ ಅಷ್ಟಕ್ಕೇ ಬಿಡಲು ಮನಸ್ಸಿಲ್ಲ. ಈ ಬಾವಿಯಲ್ಲಿ ಕಲಿಯುವಂಥದ್ದು ಬೇರೆಯೇ ಇದೆ.

ಇಂಗ್ಲೆಂಡ್ ಅಂದರೆ ಸದಾ ಮಳೆ, ಅಲ್ಲಿ ನೀರಿಗೇನು ಬರ ಅನ್ನಿಸುತ್ತದೆ ಅಲ್ವಾ? ಆದರೆ ಈ ಗುಡ್ಡಗಳ ಒಳಗೆಲ್ಲ ಸೀಮೆಸುಣ್ಣದ ಕಲ್ಲು. ಬಿದ್ದ ಮಳೆ ಇಂಗಿ ಆಳಕ್ಕೆ ಇಳಿದುಬಿಡುತ್ತದೆ. ಗುಡ್ಡದ ಮೇಲೆ ಹೊಳೆಯಿಲ್ಲ, ತೊರೆಯಿಲ್ಲ. ಜನ ಜೇಡಿಮಣ್ಣಿನ ಹೊಂಡಗಳಲ್ಲಿ ನಿಂತ ಕೊಳಕು ನೀರನ್ನೇ ತಂದು ಅಡುಗೆ ಮಾಡುತ್ತಿದ್ದರು. ಬೇಸಿಗೆಯಲ್ಲಿ ಅದೂ ಬತ್ತಿದರೆ ಒಂದು ಮನೆಯಲ್ಲಿ ಬಳಸಿದ ನೀರೇ ಇನ್ನೊಂದು ಮನೆಗೆ ಹೋಗುತ್ತಿತ್ತು. ಬಟ್ಟೆ ಒಗೆಯುವುದನ್ನು ಮಳೆ ಬರುವವರೆಗೆ ಮುಂದೂಡುತ್ತಿದ್ದರು.

ಪಕ್ಕದ ಇಪ್ಸ್‌ಡೆನ್ ಎಂಬ ಊರಿನ ಎಡ್ವರ್ಡ್ ಆಂಡರ್ಡನ್ ರೀಡ್ ಎಂಬಾತ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿ ನಮ್ಮ ದೇಶದ ಆಗಿನ ವಾಯವ್ಯ ಪ್ರಾಂತ್ಯಕ್ಕೆ, ಅಂದರೆ ಈಗಿನ ಉತ್ತರ ಪ್ರದೇಶದ ಕಡೆಗೆ, ಬಂದಿದ್ದ. 1831ರಲ್ಲಿ ಅಜಂಗಢದಲ್ಲಿ ಜನರಿಗಾಗಿ ಒಂದು ಬಾವಿ ತೋಡಿಸಿದ್ದ. ರಾಜರಿಗೂ ಅವನಿಗೂ ಒಳ್ಳೆಯ ಸ್ನೇಹ. ಒಮ್ಮೆ ಮಾತಿನ ನಡುವೆ ತನ್ನ ಊರ ಕಡೆಯ ಸಂಗತಿ ಹೇಳಿದನಂತೆ. ಬಾಯಾರಿದ ಹುಡುಗನೊಬ್ಬ ಮನೆಯಲ್ಲಿ ಉಳಿದಿದ್ದ ಕೊನೆಯ ನೀರು ಕುಡಿದುಬಿಟ್ಟ. ಅದಕ್ಕೆ ಅವನ ತಾಯಿ ಹೊಡೆದಳು. ರೀಡ್ ಕೆಲಸ ಬಿಟ್ಟು ಊರಿಗೆ ವಾಪಸಾದ ಮೇಲೂ ರಾಜರಿಗೆ ಆ ಹುಡುಗನ ಕಥೆ ಮರೆಯಲಿಲ್ಲ, ಅಜಂಗಢದ ಬಾವಿಯೂ ಮರೆಯಲಿಲ್ಲ. ಇಂಗ್ಲೆಂಡಿಗೆ ಏನಾದರೂ ಕೊಡಬೇಕು ಅನ್ನಿಸಿದಾಗ ಆ ಬಾಯಾರಿದ ಸೀಮೆಗೇ ಬಾವಿ ಕೊಡುತ್ತೇನೆ ಅಂದರು.

1863ರ ಮಾರ್ಚ್ 10ಕ್ಕೆ ಗುದ್ದಲಿ ಬಿತ್ತು. ಬಾವಿಯ ಬಾಯಿ ಬರೀ 4 ಅಡಿ ಅಗಲ. ಆಳ 368 ಅಡಿ! ಲಂಡನ್ನಿನ ನೆಲ್ಸನ್ ಸ್ತಂಭದಂಥ ಎರಡು ಕಂಬ ಒಂದರ ಮೇಲೊಂದು ನಿಲ್ಲಿಸಿದರೂ ಒಳಗೇ ಮುಳುಗಿಹೋಗುತ್ತವೆ. ಪೂರ್ತಿ ಕೈಯಲ್ಲೇ ತೋಡಿದ್ದು. ನಾಲ್ಕು ಅಡಿ ಅಂದರೆ ಒಬ್ಬ ಆಳು ಬಗ್ಗಿ ಪಿಕಾಸಿ ಬೀಸುವುದೂ ಕಷ್ಟ. ಅಗೆದದ್ದನ್ನು ಬಕೆಟ್ಟಿಗೆ ತುಂಬಬೇಕು, ಮೇಲಿನವರು ಎಳೆದುಕೊಳ್ಳಬೇಕು. ಆಳ ಹೋದಷ್ಟೂ ತಲೆಯ ಮೇಲಿನ ಬೆಳಕು ಚಿಕ್ಕದಾಗುತ್ತಾ ಹೋಗುತ್ತದೆ. ಗುಮ್ಮಟದ ಸುತ್ತ ರಾಜರ ಹೆಸರಿದೆ. ತಳದಲ್ಲಿ ನಿಂತು ಅಗೆದವರೂ ಈ ಬಾವಿಗೆ ಅಷ್ಟೇ ವಾರಸುದಾರರು ಅಂತ ನಾನು ತಿಳಿದಿದ್ದೇನೆ. 1864ರ ಮೇ 24ರಂದು, ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ದಿನ, ಬಾವಿ ಊರಿನದಾಯಿತು. ನೀರಿಗೆ ಕಾಸಿರಲಿಲ್ಲ, ಯಾರು ಬೇಕಾದರೂ ಸೇದಬಹುದಿತ್ತು.

ನನಗೆ ಆನೆಗಿಂತ ಜಾಸ್ತಿ ಇಷ್ಟವಾಗುವುದು ಬಾವಿಯ ಪಕ್ಕದಲ್ಲಿರುವ ಪುಟ್ಟ ಮನೆ. ಬಾವಿ ನೋಡಿಕೊಳ್ಳುವವನಿಗೆ ಅಂತಲೇ ಕಟ್ಟಿಸಿದ್ದು. ಅದರಾಚೆ ಒಂದು ತೋಟ, ಹೆಸರು ಈಶ್ವರೀ ಬಾಗ್. ಅಲ್ಲಿ ಚೆರ್ರಿ ಗಿಡಗಳನ್ನು ಹಾಕಿಸಿದರು. ಹಣ್ಣು ಮಾರಿ ಬಂದ ದುಡ್ಡು ಬಾವಿಯ ಖರ್ಚಿಗೆ. ಹಗ್ಗ ಸವೆಯುತ್ತದೆ, ಹಲ್ಲುಗಾಲಿ ತುಕ್ಕು ಹಿಡಿಯುತ್ತದೆ, ಕಾಯುವವನಿಗೆ ಹೊಟ್ಟೆಪಾಡು ಇರುತ್ತದೆ. ಇದನ್ನೆಲ್ಲ ಮೊದಲೇ ಯೋಚಿಸಿ ಕೊಟ್ಟದ್ದು ಇದು. ರಾಜರು ಹಣ ಕೊಟ್ಟರು, ಊರಿನಲ್ಲಿ ನಿಂತು ಮಾಡಿಸಿದವನು ರೀಡ್. ನಮ್ಮ ಕಡೆಯ ಹಳೆಯ ಶಾಸನಗಳಲ್ಲೂ ಇದೇ ಕಾಣುತ್ತದೆ. ಕೆರೆ ಕಟ್ಟಿಸಿದವರು ಅದರ ದುರಸ್ತಿಗೆಂದು ಗದ್ದೆ ಬಿಟ್ಟುಕೊಡುತ್ತಿದ್ದರು. ಈಗ ಉದ್ಘಾಟನೆಯ ಕಲ್ಲಿಗೆ ಇರುವ ಮರ್ಯಾದೆ ದುರಸ್ತಿಯ ದುಡ್ಡಿಗೆ ಇಲ್ಲ. ನಲ್ಲಿ ಕೆಟ್ಟರೆ ಯಾರನ್ನು ಕೇಳಬೇಕು ಅನ್ನುವುದೇ ಯಾರಿಗೂ ಗೊತ್ತಿರುವುದಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಆ ಬಾವಿ ಎಪ್ಪತ್ತು ವರ್ಷಕ್ಕೂ ಮೇಲೆ ಊರಿಗೆ ನೀರು ಕೊಟ್ಟಿತು.

ಇನ್ನೊಂದು ಮಾತನ್ನೂ ಹೇಳಲೇಬೇಕು. 1860-61ರಲ್ಲಿ ಆಗ್ರಾ, ದೆಹಲಿ ಸುತ್ತಮುತ್ತ ಘೋರ ಬರ ಬಿದ್ದಿತ್ತು. ಲಕ್ಷಗಟ್ಟಲೆ ಜನ ಸತ್ತರು. ಅದಾಗಿ ಎರಡೇ ವರ್ಷಕ್ಕೆ ಕಾಶಿಯ ದುಡ್ಡು ಇಂಗ್ಲೆಂಡಿನ ಗುಡ್ಡದಲ್ಲಿ ಬಾವಿಯಾಯಿತು. 1857ರಲ್ಲಿ ರಾಜರು ಬ್ರಿಟಿಷರ ಕಡೆಗೇ ಇದ್ದವರು. ಗುದ್ದಲಿ ಹಾಕಿದ್ದು ಇಂಗ್ಲೆಂಡಿನ ಯುವರಾಜನ ಮದುವೆಯ ದಿನ. 1882ರಲ್ಲಿ ವಿಕ್ಟೋರಿಯಾ ರಾಣಿ ಗುಂಡೇಟಿನಿಂದ ಪಾರಾದಾಗ ರಾಜರು ಸ್ಟೋಕ್ ರೋ ಊರಿನವರಿಗೆ ಬ್ರೆಡ್ಡು, ಚಹಾ, ಸಕ್ಕರೆ ಹಂಚಿಸಿದರು. ರಾಜನಿಷ್ಠೆಯ ಲೆಕ್ಕ ಇದರಲ್ಲಿ ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ನಿಷ್ಠೆ ತೋರಿಸುವುದಷ್ಟೇ ಬೇಕಿದ್ದರೆ ಲಂಡನ್ನಿನಲ್ಲಿ ಒಂದು ಪ್ರತಿಮೆ ನಿಲ್ಲಿಸಬಹುದಿತ್ತು. ಕೂಲಿಯವರು, ಮರಗೆಲಸದವರು ಇದ್ದ ಒಂದು ಹಳ್ಳಿಯ ನೀರಿನ ಗೋಳನ್ನು ಅವರು ಮನಸ್ಸಿಗೆ ಹಾಕಿಕೊಂಡರು. ತಾವು ಒಮ್ಮೆಯೂ ಹೋಗಿ ನೋಡದ ಊರು ಅದು. ನನಗೆ ಎರಡೂ ನಿಜ ಅನ್ನಿಸುತ್ತದೆ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಿದರೆ ಬರದಲ್ಲಿ ಸತ್ತವರಿಗೂ ಅನ್ಯಾಯ, ಬಾವಿ ಕೊಟ್ಟವರಿಗೂ ಅನ್ಯಾಯ.

ಬಾವಿಯ ನೂರನೇ ವರ್ಷಕ್ಕೆ, 1964ರಲ್ಲಿ, ರಾಣಿ ಎಲಿಜಬೆತ್ ಅವರ ಪತಿ ಪ್ರಿನ್ಸ್ ಫಿಲಿಪ್ ಬಂದಿದ್ದರು. ಕಾಶಿಯಿಂದ ತರಿಸಿದ ಗಂಗಾಜಲವನ್ನು ಬಾವಿಗೆ ಹಾಕಿದರು.

ರೆಡಿಂಗ್, ಹೆನ್ಲಿ ಕಡೆ ಇರುವ ಕನ್ನಡಿಗರಿಗೆ ಸ್ಟೋಕ್ ರೋ ದೂರವೇನಲ್ಲ. ಹೋದರೆ ಆನೆಯ ಜೊತೆ ಸೆಲ್ಫಿ ತೆಗೆದು ಸುಮ್ನೆ ವಾಪಸ್ ಬರಬೇಡಿ. ಕಾಯುವವನ ಮನೆಯ ಮುಂದೆ ಸ್ವಲ್ಪ ನಿಲ್ಲಿ, ಚೆರ್ರಿ ತೋಟದೊಳಗೆ ಒಂದು ಸುತ್ತು ಹಾಕಿ. ಮಕ್ಕಳು ಜೊತೆಗಿದ್ದರೆ, ಆ ಗಿಡಗಳನ್ನು ಅಲ್ಲಿ ಯಾಕೆ ನೆಟ್ಟರು ಅಂತ ಅವರಿಗೆ ಹೇಳಿ.