ತಿಳಿ ನೀರೆಲ್ಲ ಒಳ್ಳೆಯ ನೀರಲ್ಲ

ನಲ್ಲಿ ನೀರು ತಿಳಿಯಾಗಿದ್ದರೆ ಭಯ ಬೇಡ ಎಂದು ಲೇಖನವೊಂದರಲ್ಲಿ ಓದಿದೆ. ನಾನು ಒಪ್ಪುವುದಿಲ್ಲ ಸರ್. ಮಳೆಗಾಲದಲ್ಲಿ ಮಡಿಕೇರಿಯ ನಮ್ಮ ಮನೆ ನಲ್ಲಿಗೆ ಕಟ್ಟಿದ ಬಿಳಿ ಬಟ್ಟೆ ಎರಡೇ ದಿನಕ್ಕೆ ಕೆಂಪಾಗುತ್ತದೆ. ಮಣ್ಣು ಕಣ್ಣಿಗೆ ಕಾಣುತ್ತದೆ, ರೋಗಾಣು ಕಾಣುವುದಿಲ್ಲ ಅಲ್ವಾ? ಹೋದ ವರ್ಷ ತಿಳಿ ನೀರನ್ನೇ, ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಪರೀಕ್ಷೆಯ ಎಚ್‌ಟುಎಸ್ ಬಾಟಲಿಗೆ ತುಂಬಿಸಿಟ್ಟೆ. ಮಾರನೇ ದಿನ ನೋಡಿದರೆ ಕಪ್ಪಾಗಿತ್ತು! ಅಂದರೆ ಮಲದ ಕಲ್ಮಶ ಸೇರಿರಬಹುದು. ಭಾರತೀಯ ಮಾನದಂಡವಾದ ಐಎಸ್ 10500 ಪ್ರಕಾರ 100 ಮಿಲಿ ಕುಡಿಯುವ ನೀರಿನಲ್ಲಿ ಮಲದಿಂದ ಬರುವ ಇ-ಕೋಲಿ ಎಂಬ ಬ್ಯಾಕ್ಟೀರಿಯಾ ಒಂದೂ ಇರಬಾರದು. ಕುದಿಸಿದರೆ ರೋಗಾಣು ಸಾಯುತ್ತದೆ, ಸರಿ. ಆದರೆ ತೋಟದ ಗೊಬ್ಬರದಿಂದ ಬಾವಿಗೆ ಇಳಿದ ನೈಟ್ರೇಟ್ ಹೋಗುವುದಿಲ್ಲ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದ ನೀರನ್ನು ಹಸುಗೂಸಿಗೆ ಕೊಡಲೇಬೇಡಿ. ಬಾವಿ ಇರುವವರು ಮಳೆ ಹಿಡಿದ ಮೇಲೆ ಒಮ್ಮೆ ದಯವಿಟ್ಟು ಪರೀಕ್ಷೆ ಮಾಡಿಸಿ.